ತಂತ್ರಾಂಶದ ಆವೃತ್ತಿ ಮತ್ತು ಬೆಂಬಲದ ಅವಧಿ: ಕಾಮಗಾರಿ ನಿರ್ವಹಣೆಯ ಮುಕ್ತ ತಂತ್ರಾಂಶಗಳನ್ನು ಕುರಿತ ಅಧ್ಯಯನ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಹಾಗೂ ಸಭೆಯ ಚರ್ಚೆಗಾಗಿ)

ಪಾಠದ ಉದ್ದೇಶ

ಕಾಮಗಾರಿಯೊಂದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆಯ ವಿವರ, ಸ್ಥಳದ ಛಾಯಾಚಿತ್ರ, ಬಿಲ್ಲಿನ ಹಂತ ಇವೆಲ್ಲವನ್ನೂ ಕಡತದ ಜೊತೆಗೆ ಗಣಕಯಂತ್ರದಲ್ಲಿಯೂ ಇಡುವ ಪದ್ಧತಿ ಈಗ ಎಲ್ಲ ಹಂತದ ಕಚೇರಿಗಳಿಗೂ ತಲುಪಿದೆ. ಇದಕ್ಕಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳು ಹಲವಿವೆ. ಅವುಗಳಿಗೆ ಪರವಾನಗಿ ಶುಲ್ಕವಿಲ್ಲವೆಂಬ ಕಾರಣಕ್ಕೆ ಸಭೆಗಳಲ್ಲಿ ಬೇಗನೆ ಒಪ್ಪಿಗೆ ದೊರೆಯುತ್ತದೆ. ಆದರೆ ಅಳವಡಿಸಿದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಎಷ್ಟು ವರ್ಷ ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಬಹಳ ಸಲ ಯಾರ ಬಾಯಿಂದಲೂ ಬರುವುದಿಲ್ಲ. ಈ ಪಾಠವು ಆ ಪ್ರಶ್ನೆಯನ್ನು ಕುರಿತದ್ದು. ಇದನ್ನು ಓದಲು ತಾಂತ್ರಿಕ ಶಿಕ್ಷಣದ ಅಗತ್ಯವಿಲ್ಲ. ಕೆರೆ, ಕೊಳವೆಬಾವಿ, ರಸ್ತೆಗಳ ನಿರ್ವಹಣೆಯನ್ನು ಕಂಡ ಸದಸ್ಯರಿಗೆ ಇದರ ತಿರುಳು ಸುಲಭವಾಗಿ ತಿಳಿಯುತ್ತದೆ.

1. ತಂತ್ರಾಂಶದ ಅವಧಿ ಮುಗಿಯುವುದು ಎಂದರೇನು?

ಔಷಧಿಯ ಶೀಶೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ತಂತ್ರಾಂಶಕ್ಕೂ ಅಂತಹ ದಿನಾಂಕವಿದೆ, ಆದರೆ ಅದು ಪರದೆಯ ಮೇಲೆ ಕಾಣಿಸುವುದಿಲ್ಲ. ಅವಧಿ ಮುಗಿದ ಮರುದಿನವೂ ತಂತ್ರಾಂಶ ಎಂದಿನಂತೆಯೇ ತೆರೆಯುತ್ತದೆ, ಎಂದಿನಂತೆಯೇ ವರದಿ ಕೊಡುತ್ತದೆ. ಬದಲಾಗುವುದು ಒಂದೇ ಸಂಗತಿ: ಅಂದಿನಿಂದ ಅದರಲ್ಲಿ ದೋಷ ಕಂಡುಬಂದರೆ ಸರಿಪಡಿಸುವವರು ಇರುವುದಿಲ್ಲ.

ನಮ್ಮ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ ಕಾಲವನ್ನು ಹಿರಿಯ ಸದಸ್ಯರು ಬಲ್ಲರು. ಏರಿಯ ಮೇಲೆ ದಿನವೂ ನಡೆದು, ಇಲಿ ಬಿಲವನ್ನೋ ಏಡಿ ಬಿಲವನ್ನೋ ಕಂಡೊಡನೆ ಮುಚ್ಚುವುದು, ತೂಬಿನ ಸೋರಿಕೆಯನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ನೀರುಗಂಟಿ ಇಲ್ಲವಾದ ದಿನವೇ ಕೆರೆ ಒಡೆಯುವುದಿಲ್ಲ. ನೀರು ಇರುತ್ತದೆ, ಏರಿ ನಿಂತಿರುತ್ತದೆ, ಗದ್ದೆಗೆ ನೀರು ಹರಿಯುತ್ತಲೂ ಇರುತ್ತದೆ. ಆದರೆ ಮುಂದೆ ಬೀಳುವ ಬಿಲವನ್ನು ಮುಚ್ಚುವವರಿಲ್ಲ. ಬೆಂಬಲದ ಅವಧಿ ಮುಗಿದ ತಂತ್ರಾಂಶವೂ ಇದೇ ಸ್ಥಿತಿಯಲ್ಲಿರುತ್ತದೆ.

ತಂತ್ರಾಂಶದ ಬೆಂಬಲದಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿವೆ. ಮೊದಲನೆಯದು ಪೂರ್ಣ ಬೆಂಬಲ: ಎಲ್ಲ ಬಗೆಯ ದೋಷಗಳನ್ನೂ ತಿದ್ದಲಾಗುತ್ತದೆ. ಎರಡನೆಯದು ಭದ್ರತಾ ಬೆಂಬಲ: ಹೊರಗಿನವರು ಒಳನುಗ್ಗಲು ಅವಕಾಶ ಕೊಡುವಂತಹ ಗಂಭೀರ ದೋಷಗಳನ್ನು ಮಾತ್ರ ತಿದ್ದಲಾಗುತ್ತದೆ. ಮೂರನೆಯದು ಬೆಂಬಲದ ಅಂತ್ಯ: ಯಾವುದನ್ನೂ ತಿದ್ದುವುದಿಲ್ಲ. ನಮ್ಮ ಕಚೇರಿಯ ತಂತ್ರಾಂಶ ಈ ಮೂರರಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಅರಿಯುವುದೇ ಮೊದಲ ಕೆಲಸ.

2. ಆವೃತ್ತಿಯ ಸಂಖ್ಯೆಯನ್ನು ಓದುವ ಬಗೆ

ತಂತ್ರಾಂಶದ ಹೆಸರಿನ ಮುಂದೆ 5.1.3 ಎಂಬಂತಹ ಸಂಖ್ಯೆ ಇರುತ್ತದೆ. ಇದು ದಶಮಾಂಶ ಸಂಖ್ಯೆಯಲ್ಲ, ಮೂರು ಬೇರೆ ಬೇರೆ ಅಂಕಿಗಳ ಜೋಡಣೆ.

ಮೊದಲ ಅಂಕಿ ದೊಡ್ಡ ಬದಲಾವಣೆಯನ್ನು ಸೂಚಿಸುತ್ತದೆ. 5 ಹೋಗಿ 6 ಬಂದರೆ ಹಳೆಯ ವ್ಯವಸ್ಥೆಗೆ ಹೊಂದಿಕೊಂಡಿದ್ದ ಕೆಲವು ಭಾಗಗಳು ಹೊಸದರಲ್ಲಿ ಕೆಲಸ ಮಾಡದೆ ಹೋಗಬಹುದು. ಇದಕ್ಕೆ ಸಿದ್ಧತೆ, ಪರೀಕ್ಷೆ, ಹಣ ಮೂರೂ ಬೇಕು. ಎರಡನೆಯ ಅಂಕಿ ಹೊಸ ಸೌಲಭ್ಯಗಳ ಸೇರ್ಪಡೆಯನ್ನು ಸೂಚಿಸುತ್ತದೆ. ಮೂರನೆಯ ಅಂಕಿ ತಿದ್ದುಪಡಿಯನ್ನು ಮಾತ್ರ ಸೂಚಿಸುತ್ತದೆ. 5.1.3ರಿಂದ 5.1.4ಕ್ಕೆ ಹೋಗುವುದೆಂದರೆ ಏರಿಯ ಬಿಲ ಮುಚ್ಚಿದಂತೆ. ಇದನ್ನು ತಡಮಾಡುವುದಕ್ಕೆ ಒಳ್ಳೆಯ ಕಾರಣಗಳು ಕಡಿಮೆ.

ಎಲ್ಲ ತಂತ್ರಾಂಶಗಳೂ ಈ ಕ್ರಮವನ್ನು ಅಕ್ಷರಶಃ ಪಾಲಿಸುವುದಿಲ್ಲ. ಉಬುಂಟು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ 20.04 ಎಂಬ ಸಂಖ್ಯೆ 2020ರ ಏಪ್ರಿಲ್ ತಿಂಗಳನ್ನು ಸೂಚಿಸುತ್ತದೆ. ಆದರೂ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅದರ ಬೆಂಬಲದ ಕೊನೆಯ ದಿನವನ್ನು ತಿಳಿಯುವುದು ಸುಲಭ. ಸಂಖ್ಯೆಯೇ ಗೊತ್ತಿಲ್ಲದಿದ್ದರೆ ಏನನ್ನೂ ತಿಳಿಯಲಾಗದು.

3. ಒಂದು ನಿದರ್ಶನ: ರೆಡ್‌ಮೈನ್ ಮತ್ತು ಅದರ ಕವಲುಗಳು

ರೆಡ್‌ಮೈನ್ ಎಂಬುದು ಯೋಜನೆಗಳ ನಿರ್ವಹಣೆಗಾಗಿ ಇರುವ ಮುಕ್ತ ತಂತ್ರಾಂಶ. ಪ್ರತಿಯೊಂದು ಕೆಲಸಕ್ಕೂ ಒಂದು ಸಂಖ್ಯೆ, ಹೊಣೆ ಹೊತ್ತವರ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಪ್ರಗತಿಯ ಶೇಕಡಾವಾರು, ಲಗತ್ತಿಸಿದ ಕಡತಗಳು ಇವನ್ನೆಲ್ಲ ಒಂದೆಡೆ ಇಡಲು ಇದರಲ್ಲಿ ಅವಕಾಶವಿದೆ. ಜಾನ್ ಫಿಲಿಪ್ ಲಾಂಗ್ ಅವರು 2006ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದರು. ಮುಂದೆ 1.0 ಆವೃತ್ತಿ 2010ರಲ್ಲಿ, 2.0 ಆವೃತ್ತಿ 2012ರಲ್ಲಿ, 3.0 ಆವೃತ್ತಿ 2015ರಲ್ಲಿ, 4.0 ಆವೃತ್ತಿ 2018ರ ಕೊನೆಯಲ್ಲಿ, 5.0 ಆವೃತ್ತಿ 2022ರಲ್ಲಿ ಮತ್ತು 6.0 ಆವೃತ್ತಿ 2024ರಲ್ಲಿ ಬಂದವು.

ಈ ವರ್ಷಗಳನ್ನು ಒಮ್ಮೆ ಸಾಲಾಗಿ ನೋಡಬೇಕು. ಎರಡು ದೊಡ್ಡ ಆವೃತ್ತಿಗಳ ನಡುವಿನ ಅಂತರ ಸುಮಾರು ಎರಡರಿಂದ ನಾಲ್ಕು ವರ್ಷ. ಗ್ರಾಮ ಪಂಚಾಯಿತಿಯ ಅವಧಿ ಐದು ವರ್ಷ. ಅಂದರೆ ಯಾವುದೇ ಪಂಚಾಯಿತಿಯ ಅವಧಿಯಲ್ಲಿ ಇಂತಹ ತಂತ್ರಾಂಶದ ಒಂದಾದರೂ ದೊಡ್ಡ ಬದಲಾವಣೆ ಬಂದೇ ಬರುತ್ತದೆ. ಹಿಂದಿನ ಸದಸ್ಯರು ಒಪ್ಪಿ ಅಳವಡಿಸಿದ್ದನ್ನು ಮುಂದಿನ ಸದಸ್ಯರು ಮೇಲ್ದರ್ಜೆಗೇರಿಸಬೇಕಾಗುತ್ತದೆ. ಆದ್ದರಿಂದ ಮೇಲ್ದರ್ಜೆಯ ಕೆಲಸವನ್ನು ಅನಿರೀಕ್ಷಿತ ವೆಚ್ಚವೆಂದು ಭಾವಿಸದೆ, ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸುವಂತೆ ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬೇಕಾದ ವೆಚ್ಚವೆಂದು ಭಾವಿಸಬೇಕು.

ಇದೇ ರೆಡ್‌ಮೈನ್‌ನಿಂದ ಮತ್ತೊಂದು ಪಾಠವೂ ದೊರೆಯುತ್ತದೆ. ಮುಕ್ತ ತಂತ್ರಾಂಶದ ಮೂಲ ಬರಹವನ್ನು ಯಾರು ಬೇಕಾದರೂ ಪಡೆದು ತಮ್ಮದೇ ಹಾದಿಯಲ್ಲಿ ಮುಂದುವರಿಸಬಹುದು. ಅದರ ಅಭಿವೃದ್ಧಿಯ ರೀತಿನೀತಿಯಲ್ಲಿ ಭಿನ್ನಾಭಿಪ್ರಾಯ ಬಂದಾಗ ಕೆಲವರು 2011ರಲ್ಲಿ ಬೇರ್ಪಟ್ಟು ಚಿಲಿಪ್ರಾಜೆಕ್ಟ್ ಎಂಬ ಕವಲನ್ನು ಆರಂಭಿಸಿದರು. ಅದರಿಂದ ಮತ್ತೆ ಓಪನ್‌ಪ್ರಾಜೆಕ್ಟ್ ಎಂಬ ಇನ್ನೊಂದು ಕವಲು ಹುಟ್ಟಿತು. ಅದನ್ನು ನೋಡಿಕೊಳ್ಳುವ ಪ್ರತಿಷ್ಠಾನ 2012ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಸ್ಥಾಪನೆಯಾಯಿತು. ಮೂಲವಾದ ರೆಡ್‌ಮೈನ್ ಇಂದಿಗೂ ನಡೆಯುತ್ತಿದೆ, ಓಪನ್‌ಪ್ರಾಜೆಕ್ಟ್ ಕೂಡ ನಡೆಯುತ್ತಿದೆ. ನಡುವಿನ ಚಿಲಿಪ್ರಾಜೆಕ್ಟ್ ಮಾತ್ರ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆ ಕವಲನ್ನು ನೆಚ್ಚಿದ್ದ ಕಚೇರಿಗಳು ತಮ್ಮ ದಾಖಲೆಗಳನ್ನು ಎತ್ತಿಕೊಂಡು ಬೇರೆ ಕಡೆಗೆ ಸಾಗಬೇಕಾಯಿತು.

ಹಾಗೆಂದು ಕವಲುಗಳೇ ಕೆಟ್ಟವೆಂದು ಅರ್ಥವಲ್ಲ. ಮೂಲದ ಬರಹ ಎಲ್ಲರ ಕೈಯಲ್ಲಿದ್ದುದರಿಂದಲೇ ಹೊಸ ದಾರಿ ಸಾಧ್ಯವಾಯಿತು. ಆದರೆ ಒಂದು ತಂತ್ರಾಂಶವನ್ನು ಆರಿಸುವಾಗ ಅದರ ಹಿಂದೆ ಎಷ್ಟು ಜನ ದುಡಿಯುತ್ತಿದ್ದಾರೆ, ಕಳೆದ ಆರು ತಿಂಗಳಲ್ಲಿ ತಿದ್ದುಪಡಿ ಬಂದಿದೆಯೇ, ಯಾವ ಶಾಖೆಗಳಿಗೆ ಬೆಂಬಲವಿದೆ ಎಂದು ಬಹಿರಂಗವಾಗಿ ಪ್ರಕಟಿಸಿದ್ದಾರೆಯೇ ಎಂಬುದನ್ನು ನೋಡಬೇಕು. ಇದು ಗುತ್ತಿಗೆದಾರನ ಹಿಂದಿನ ಕೆಲಸವನ್ನು ನೋಡಿ ಕಾರ್ಯಾದೇಶ ಕೊಡುವಷ್ಟೇ ಸಹಜವಾದ ಎಚ್ಚರ.

4. ಪದರದ ಮೇಲೆ ಪದರ

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ಪರದೆಯ ಮೇಲೆ ಕಾಣುವ ತಂತ್ರಾಂಶ ಒಂದೇ ಆದರೂ ಅದರ ಕೆಳಗೆ ಹಲವು ಪದರಗಳಿರುತ್ತವೆ. ಮನೆಗೆ ತಳಪಾಯ, ಗೋಡೆ, ತೊಲೆ, ಮಾಡು ಇರುವಂತೆ. ಪ್ರತಿಯೊಂದು ಪದರಕ್ಕೂ ಬೇರೆ ತಯಾರಕರು, ಬೇರೆ ಬೆಂಬಲದ ಅವಧಿ. ಮಾಡು ಹೊಸದಾಗಿದ್ದ ಮಾತ್ರಕ್ಕೆ ತಳಪಾಯ ಗಟ್ಟಿಯೆಂದು ಹೇಳಲಾಗದು.

ಉದಾಹರಣೆಗೆ, ಒಂದು ಕಚೇರಿಯು 2022ರ ಏಪ್ರಿಲ್ ಆರಂಭದಲ್ಲಿ ರೆಡ್‌ಮೈನ್ 5.0 ಅಳವಡಿಸಿತೆಂದು ಊಹಿಸಿಕೊಳ್ಳೋಣ. ಅದು ಆಗಷ್ಟೇ ಹೊರಬಂದ ಹೊಸ ಆವೃತ್ತಿ. ಸರ್ವರ್‌ನಲ್ಲಿ ಮೊದಲೇ ಉಬುಂಟು 20.04 ಇತ್ತು. ಅದರೊಡನೆ ಬರುವ ರೂಬಿ 2.7 ಎಂಬ ಭಾಷಾ ತಂತ್ರಾಂಶ ಮತ್ತು ಪೋಸ್ಟ್‌ಗ್ರೆಸ್ 12 ಎಂಬ ದತ್ತಾಂಶ ಕೋಶವನ್ನೇ ಬಳಸಿದರು. ರೆಡ್‌ಮೈನ್ 5.0 ರೈಲ್ಸ್ 6.1 ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಈಗ ಈ ಪದರಗಳ ಬೆಂಬಲ ಮುಗಿದ ದಿನಗಳನ್ನು ನೋಡೋಣ.

ರೂಬಿ 2.7: 2023ರ ಮಾರ್ಚ್ 31. ಅಳವಡಿಸಿದ ಒಂದೇ ವರ್ಷಕ್ಕೆ.
ರೈಲ್ಸ್ 6.1: 2024ರ ಅಕ್ಟೋಬರ್. ಎರಡೂವರೆ ವರ್ಷಕ್ಕೆ.
ಪೋಸ್ಟ್‌ಗ್ರೆಸ್ 12: 2024ರ ನವೆಂಬರ್. ಸುಮಾರು ಎರಡು ವರ್ಷ ಏಳು ತಿಂಗಳಿಗೆ.
ಉಬುಂಟು 20.04ರ ಸಾಮಾನ್ಯ ಬೆಂಬಲ: 2025ರ ಮೇ. ಸುಮಾರು ಮೂರು ವರ್ಷಕ್ಕೆ.

ಹೊಸದೆಂದು ತಂದ ತಂತ್ರಾಂಶದ ಕೆಳಗೆ ಐದು ವರ್ಷ ಬಾಳುವ ಪದರ ಒಂದೂ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನೂ ತಿಳಿಯಬೇಕು. ಉಬುಂಟು ತನ್ನೊಂದಿಗೆ ಕೊಡುವ ರೂಬಿ ಮತ್ತು ಪೋಸ್ಟ್‌ಗ್ರೆಸ್‌ಗೆ ಮೂಲ ತಯಾರಕರು ಕೈಬಿಟ್ಟ ಮೇಲೆಯೂ ತನ್ನ ಅವಧಿ ಮುಗಿಯುವವರೆಗೆ ಭದ್ರತಾ ತಿದ್ದುಪಡಿಗಳನ್ನು ಒದಗಿಸುತ್ತದೆ. ಆದರೆ ಅದೇ ರೂಬಿಯನ್ನು ಬೇರೆಡೆಯಿಂದ ತಂದು ಹಾಕಿದ್ದರೆ ಈ ರಕ್ಷಣೆ ದೊರೆಯುವುದಿಲ್ಲ. ರೆಡ್‌ಮೈನ್‌ನೊಂದಿಗೆ ಪ್ರತ್ಯೇಕವಾಗಿ ಬರುವ ರೈಲ್ಸ್‌ಗೂ ಇದು ಅನ್ವಯಿಸದು. ಆದ್ದರಿಂದ ಯಾವ ಆವೃತ್ತಿ ಎಂಬುದರ ಜೊತೆಗೆ ಅದನ್ನು ಎಲ್ಲಿಂದ ತಂದದ್ದು ಎಂಬುದೂ ದಾಖಲೆಯಲ್ಲಿರಬೇಕು.

ಅದೇ 2022ರ ಏಪ್ರಿಲ್ ಮೂರನೆಯ ವಾರದಲ್ಲಿ ಉಬುಂಟು 22.04 ಬಿಡುಗಡೆಯಾಯಿತು. ಅದಕ್ಕೆ 2027ರವರೆಗೆ ಸಾಮಾನ್ಯ ಬೆಂಬಲವಿದೆ. ಅದರಲ್ಲಿನ ಪೋಸ್ಟ್‌ಗ್ರೆಸ್ 14ಕ್ಕೆ 2026ರ ನವೆಂಬರ್‌ವರೆಗೆ ಮೂಲ ತಯಾರಕರ ಬೆಂಬಲವಿದೆ. ಕೆಲವೇ ವಾರ ಕಾದು ಅಳವಡಿಸಿದ್ದರೆ ತಳಪಾಯದ ಆಯುಸ್ಸು ಎರಡು ವರ್ಷ ಹೆಚ್ಚುತ್ತಿತ್ತು, ಅದೂ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ. ಹೊಸ ಆವೃತ್ತಿಯೇ ಎಂದು ಕೇಳಿದರೆ ಸಾಲದು. ಪ್ರತಿ ಪದರಕ್ಕೂ ಇನ್ನೆಷ್ಟು ಕಾಲ ಬಾಕಿ ಇದೆ ಎಂದು ಕೇಳಬೇಕು.

ಬೆಂಬಲದ ದಿನಾಂಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅನೇಕ ಸರ್ವರ್‌ಗಳಲ್ಲಿ ಬಳಕೆಯಲ್ಲಿದ್ದ ಸೆಂಟ್‌ಒಎಸ್ 8 ಎಂಬ ವ್ಯವಸ್ಥೆಗೆ 2029ರವರೆಗೆ ಬೆಂಬಲ ಇರುತ್ತದೆಂದು ಎಲ್ಲರೂ ಎಣಿಸಿದ್ದರು. 2020ರ ಡಿಸೆಂಬರ್‌ನಲ್ಲಿ ಆ ನಿರ್ಧಾರ ಬದಲಾಗಿ, 2021ರ ಡಿಸೆಂಬರ್ 31ಕ್ಕೇ ಅದು ಮುಗಿಯುವುದೆಂದು ಪ್ರಕಟವಾಯಿತು. ಎಂಟು ವರ್ಷದ ಲೆಕ್ಕ ಒಂದೇ ವರ್ಷಕ್ಕೆ ಇಳಿಯಿತು. ಹೀಗಾಗಿ ವರ್ಷಕ್ಕೆ ಎರಡು ಸಲವಾದರೂ ಈ ದಿನಾಂಕಗಳನ್ನು ಮರುಪರಿಶೀಲಿಸುವುದು ಯುಕ್ತ.

5. ಅವಧಿ ಮೀರಿದರೆ ಆಗುವುದೇನು?

ಮುಕ್ತ ತಂತ್ರಾಂಶದಲ್ಲಿ ಒಂದು ವಿಶೇಷವಿದೆ. ದೋಷವನ್ನು ಸರಿಪಡಿಸಿದಾಗ ಆ ತಿದ್ದುಪಡಿಯ ಬರಹ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳ್ಳೆಯವರಿಗೆ ಅದು ರಕ್ಷಣೆಯ ದಾರಿ. ಕೇಡು ಬಯಸುವವರಿಗೆ ಅದೇ ಹಳೆಯ ಆವೃತ್ತಿಗಳಲ್ಲಿ ಎಲ್ಲಿ ಬಿಲವಿದೆ ಎಂಬ ಸುಳಿವು. ಹೊಸ ಶಾಖೆಯಲ್ಲಿ ಮುಚ್ಚಿದ ಬಿಲ ಹಳೆಯ ಶಾಖೆಯಲ್ಲಿ ತೆರೆದೇ ಇರಬಹುದು. ಆದ್ದರಿಂದ ಬೆಂಬಲ ಮುಗಿದ ತಂತ್ರಾಂಶದ ಅಪಾಯ ದಿನ ಕಳೆದಂತೆ ಹೆಚ್ಚುತ್ತದೆ. "ಇಷ್ಟು ವರ್ಷ ಏನೂ ಆಗಿಲ್ಲ" ಎಂಬ ಮಾತು ಇಲ್ಲಿ ಸಮಾಧಾನ ಕೊಡುವಂತಹುದಲ್ಲ.

ಇದಕ್ಕೆ ನಿಜವಾದ ಮೂರು ನಿದರ್ಶನಗಳಿವೆ.

ಮೊದಲನೆಯದು 2013ರ ಜನವರಿಯದು. ರೆಡ್‌ಮೈನ್ ನಿಂತಿರುವ ಅದೇ ರೈಲ್ಸ್ ಚೌಕಟ್ಟಿನಲ್ಲಿ, ಹೊರಗಿನವರು ಸರ್ವರ್ ಮೇಲೆ ತಮ್ಮ ಆಜ್ಞೆಗಳನ್ನು ನಡೆಸಲು ಸಾಧ್ಯವಾಗುವಂತಹ ದೋಷ ಕಂಡುಬಂತು. ನಾಲ್ಕು ಶಾಖೆಗಳಿಗೆ ಒಟ್ಟಿಗೆ ತಿದ್ದುಪಡಿ ಹೊರಬಂತು. ನೆದರ್ಲೆಂಡ್ಸ್ ದೇಶದಲ್ಲಿ ನಾಗರಿಕರು ಸರ್ಕಾರಿ ಸೇವೆಗಳಿಗೆ ಗುರುತು ದೃಢೀಕರಿಸಲು ಬಳಸುವ ಡಿಜಿಡಿ ಎಂಬ ವ್ಯವಸ್ಥೆಯನ್ನು ಆ ಕಾರಣಕ್ಕೆ ತಾತ್ಕಾಲಿಕವಾಗಿ ನಿಲ್ಲಿಸಿ ಸರಿಪಡಿಸಲಾಯಿತು. ತಂತ್ರಾಂಶದ ಮೇಲ್ಪದರದಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ಕೆಳಪದರದ ದೋಷ ಇಡೀ ಸೇವೆಯನ್ನು ನಿಲ್ಲಿಸಬಲ್ಲದು.

ಎರಡನೆಯದು 2017ರ ಮೇ ತಿಂಗಳಿನ ವಾನ್ನಾಕ್ರೈ ದಾಳಿ. ಗಣಕಯಂತ್ರದ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಈ ದಾಳಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಮೂರನೆಯ ಒಂದು ಭಾಗದಷ್ಟು ಆಸ್ಪತ್ರೆ ಟ್ರಸ್ಟ್‌ಗಳು ತೊಂದರೆಗೆ ಸಿಲುಕಿದವು. ಆ ದೋಷಕ್ಕೆ ತಿದ್ದುಪಡಿ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಬಿಡುಗಡೆಯಾಗಿತ್ತು. ಬೆಂಬಲ ಇದ್ದರೂ ಬಂದ ತಿದ್ದುಪಡಿಯನ್ನು ಹಾಕದಿದ್ದರೆ ಬೆಂಬಲ ಇಲ್ಲದಂತೆಯೇ ಎಂಬುದನ್ನು ಈ ಘಟನೆ ತೋರಿಸಿತು.

ಮೂರನೆಯದು 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಚಿಕ್ಕ ಮುಕ್ತ ತಂತ್ರಾಂಶ ಭಾಗದಲ್ಲಿ ಕಂಡ ದೋಷ. ಅದು ಸಾವಿರಾರು ತಂತ್ರಾಂಶಗಳ ಒಳಗೆ ಅಡಗಿತ್ತು. ಆಗ ಜಗತ್ತಿನ ಅನೇಕ ಕಚೇರಿಗಳಿಗೆ ಎದುರಾದ ಮೊದಲ ತೊಂದರೆ ದೋಷವನ್ನು ತಿದ್ದುವುದಲ್ಲ; ಅದು ತಮ್ಮಲ್ಲಿ ಎಲ್ಲಿದೆ ಎಂದು ಪತ್ತೆಹಚ್ಚುವುದೇ ಆಗಿತ್ತು. ಪಟ್ಟಿ ಇಟ್ಟುಕೊಂಡಿದ್ದವರು ಬೇಗ ಪಾರಾದರು.

ನಮ್ಮ ಮಟ್ಟದಲ್ಲಿ ಇದರ ಪರಿಣಾಮ ಹೇಗಿರಬಹುದು? ಕಾಮಗಾರಿಯ ದಾಖಲೆ ಅಳಿದರೆ ಜಮಾಬಂದಿಯಲ್ಲಿ, ಲೆಕ್ಕಪರಿಶೋಧನೆಯಲ್ಲಿ ತೋರಿಸಲು ಆಧಾರವಿರುವುದಿಲ್ಲ. ಕೆಲಸ ಮುಗಿಸಿದ ಗುತ್ತಿಗೆದಾರನ ಬಿಲ್ಲು ತಡವಾಗುತ್ತದೆ. ಫಲಾನುಭವಿಗಳ ಬ್ಯಾಂಕ್ ಖಾತೆ, ದೂರವಾಣಿ ಮೊದಲಾದ ವಿವರಗಳು ಅದರಲ್ಲಿದ್ದರೆ ಅವು ಪರರ ಪಾಲಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು, ಅಂಕಿಗಳನ್ನು ಯಾರಿಗೂ ತಿಳಿಯದಂತೆ ಬದಲಿಸುವುದು. ಕಳೆದುಹೋದ ಕಡತವನ್ನು ಹುಡುಕಬಹುದು. ತಿದ್ದಿದ ಕಡತವನ್ನು ನಂಬಿ ನಾವೇ ಸಹಿ ಹಾಕುತ್ತೇವೆ.

ಇಂತಹ ಘಟನೆ ನಡೆದಾಗ ಸುಮ್ಮನಿರುವಂತಿಲ್ಲ. ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್‌-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಯಾರು ತಿಳಿಸಬೇಕೆಂಬುದನ್ನು ಮೊದಲೇ ನಿಗದಿಪಡಿಸಿರದಿದ್ದರೆ ಆ ಆರು ಗಂಟೆ ಫೋನು ಮಾಡುವುದರಲ್ಲೇ ಕಳೆದುಹೋಗುತ್ತದೆ.

6. ಮುಕ್ತ ಎಂದರೆ ವೆಚ್ಚವಿಲ್ಲವೆಂದಲ್ಲ

ಕೇಂದ್ರ ಸರ್ಕಾರವು 2015ರಲ್ಲಿ ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಆ ಆದ್ಯತೆಗೆ ಸಕಾರಣಗಳಿವೆ. ಒಬ್ಬನೇ ಮಾರಾಟಗಾರನ ಹಿಡಿತದಲ್ಲಿ ಕಚೇರಿ ಸಿಲುಕುವುದಿಲ್ಲ. ಒಬ್ಬರು ಕೈಬಿಟ್ಟರೂ ಮತ್ತೊಬ್ಬರಿಂದ ಕೆಲಸ ಮುಂದುವರಿಸಬಹುದು. ಖಾಸಗಿ ತಂತ್ರಾಂಶಗಳಿಗೂ ಬೆಂಬಲದ ಅಂತ್ಯವಿದೆ: ಹೆಸರುವಾಸಿಯಾದ ಜಿರಾ ಎಂಬ ಯೋಜನಾ ನಿರ್ವಹಣೆಯ ತಂತ್ರಾಂಶದ ಸರ್ವರ್ ಮಾದರಿಗೆ 2024ರ ಫೆಬ್ರವರಿ 15ರಂದು ಬೆಂಬಲ ಮುಗಿಯಿತು. ಅಲ್ಲಿ ಬಳಕೆದಾರರಿಗಿದ್ದ ಆಯ್ಕೆ ಅದೇ ಸಂಸ್ಥೆಯ ಬೇರೆ ಮಾದರಿಗೆ ಹೋಗುವುದು ಅಥವಾ ತಂತ್ರಾಂಶವನ್ನೇ ಬಿಡುವುದು. ಮುಕ್ತ ತಂತ್ರಾಂಶದಲ್ಲಿ ಮೂರನೆಯ ಆಯ್ಕೆಯೂ ಉಂಟು: ಮೂಲ ಬರಹವನ್ನು ಇಟ್ಟುಕೊಂಡು, ಬಲ್ಲವರಿಂದ ದೋಷವನ್ನು ತಿದ್ದಿಸಿಕೊಳ್ಳುವುದು.

ಆದರೆ ಅದು ಹಕ್ಕೇ ಹೊರತು ಸೇವೆಯಲ್ಲ. ರೆಡ್‌ಮೈನ್‌ನಂತಹ ತಂತ್ರಾಂಶಗಳ ಪರವಾನಗಿ ಪತ್ರದಲ್ಲಿಯೇ ಯಾವ ಖಾತರಿಯೂ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಸಾಮುದಾಯಿಕ ಗೋಮಾಳದಲ್ಲಿ ಬಾವಿ ತೋಡಲು ಒಪ್ಪಿಗೆ ಸಿಕ್ಕಿತೆಂದ ಮಾತ್ರಕ್ಕೆ ನೀರು ಸೇದಿಕೊಡುವವರು ಸಿಕ್ಕಂತಾಗಲಿಲ್ಲ. ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲನ್ನು ನಿರ್ವಹಣೆಗೆ ಮೀಸಲಿಟ್ಟರೆ ಮಾತ್ರ ಉಳಿತಾಯ ನಿಜವಾದ ಉಳಿತಾಯವಾಗುತ್ತದೆ.

ನಿರ್ವಹಣೆಯನ್ನು ಹೊರಗಿನವರಿಗೆ ವಹಿಸುವಾಗ ಒಪ್ಪಂದದಲ್ಲಿ ಈ ಅಂಶಗಳು ಇರಬೇಕು.

(ಅ) ಭದ್ರತಾ ತಿದ್ದುಪಡಿ ಬಿಡುಗಡೆಯಾದ ಎಷ್ಟು ದಿನಗಳೊಳಗೆ ಅಳವಡಿಸಬೇಕು ಎಂಬ ಮಿತಿ.
(ಆ) ಒಪ್ಪಂದದ ಅವಧಿಯಲ್ಲಿ ಯಾವ ಪದರದ ಬೆಂಬಲ ಮುಗಿದರೂ ಮೇಲ್ದರ್ಜೆಗೇರಿಸುವ ಹೊಣೆ ಯಾರದು, ಅದರ ವೆಚ್ಚ ಒಪ್ಪಂದದ ಮೊತ್ತದಲ್ಲಿ ಸೇರಿದೆಯೇ ಎಂಬ ಸ್ಪಷ್ಟತೆ.
(ಇ) ಸರ್ವರ್‌ನ ಮುಖ್ಯ ಪಾಸ್‌ವರ್ಡ್‌ಗಳು ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ವಶದಲ್ಲಿಯೂ ಇರಬೇಕೆಂಬ ಷರತ್ತು.
(ಈ) ಒಪ್ಪಂದ ಮುಗಿದಾಗ ಸಮಗ್ರ ದತ್ತಾಂಶವನ್ನು ಬೇರೆ ತಂತ್ರಾಂಶಕ್ಕೆ ಒಯ್ಯಬಹುದಾದ ರೂಪದಲ್ಲಿ ಹಿಂದಿರುಗಿಸಬೇಕೆಂಬ ಷರತ್ತು.
(ಉ) ಮೂಲ ತಂತ್ರಾಂಶಕ್ಕೆ ಸೇರಿಸಿದ ಹೆಚ್ಚುವರಿ ಭಾಗಗಳ ಪಟ್ಟಿ ಮತ್ತು ಅವುಗಳ ಮೂಲ ಬರಹ.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ರೆಡ್‌ಮೈನ್‌ಗೆ ಹೊರಗಿನವರು ಬರೆದ ಪೂರಕ ಭಾಗಗಳು ಬಹಳ. ಪ್ರತಿಯೊಂದೂ ಒಂದು ಸೌಲಭ್ಯ ಕೊಡುತ್ತದೆ, ಆದರೆ ಪ್ರತಿಯೊಂದೂ ಮುಂದಿನ ಮೇಲ್ದರ್ಜೆಗೆ ಒಂದು ಅಡ್ಡಗಾಲೂ ಆಗಬಹುದು. ಅದನ್ನು ಬರೆದವರು ಹೊಸ ಆವೃತ್ತಿಗೆ ಹೊಂದಿಸದಿದ್ದರೆ ಇಡೀ ಕಚೇರಿ ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾಗುತ್ತದೆ. ಸೌಲಭ್ಯವೆಂದು ಕಂಡದ್ದನ್ನೆಲ್ಲ ಸೇರಿಸದೆ, ನಿಜಕ್ಕೂ ಬೇಕಾದದ್ದನ್ನು ಮಾತ್ರ ಸೇರಿಸುವುದು ಲೇಸು.

7. ಮೇಲ್ದರ್ಜೆಗೇರಿಸುವ ಕ್ರಮ

ಮೇಲ್ದರ್ಜೆಯ ಕೆಲಸವನ್ನು ಮಾಡುವವರು ತಾಂತ್ರಿಕ ಸಿಬ್ಬಂದಿ. ಆದರೆ ಅದು ಸರಿಯಾದ ಕ್ರಮದಲ್ಲಿ ನಡೆಯಿತೇ ಎಂದು ಕೇಳುವುದು ಸಭೆಯ ಕೆಲಸ. ಕ್ರಮ ಹೀಗಿರಬೇಕು.

ಮೊದಲನೆಯದಾಗಿ, ದಿನಾಂಕದ ಆಯ್ಕೆ. ಆರ್ಥಿಕ ವರ್ಷದ ಕೊನೆಯ ತಿಂಗಳು, ಕ್ರಿಯಾ ಯೋಜನೆಯ ಅನುಮೋದನೆಯ ದಿನಗಳು, ಜಮಾಬಂದಿಯ ಸಮಯ ಇವನ್ನು ತಪ್ಪಿಸಬೇಕು.

ಎರಡನೆಯದಾಗಿ, ಪೂರ್ಣ ಬ್ಯಾಕಪ್. ದತ್ತಾಂಶ ಕೋಶದ ಪ್ರತಿ ತೆಗೆದರೆ ಮುಗಿಯಲಿಲ್ಲ. ರೆಡ್‌ಮೈನ್‌ನಲ್ಲಿ ಲಗತ್ತಿಸಿದ ಚಿತ್ರಗಳು ಮತ್ತು ಕಡತಗಳು ದತ್ತಾಂಶ ಕೋಶದೊಳಗೆ ಇರುವುದಿಲ್ಲ, ಸರ್ವರ್‌ನ ಬೇರೊಂದು ಕೋಶದಲ್ಲಿರುತ್ತವೆ. ಅದರ ಪ್ರತಿಯನ್ನೂ ತೆಗೆಯದಿದ್ದರೆ ಕಾಮಗಾರಿಯ ಹೆಸರು ಉಳಿದು ಛಾಯಾಚಿತ್ರಗಳು ಹೋಗುತ್ತವೆ. ಒಂದು ಪ್ರತಿ ಕಚೇರಿಯ ಹೊರಗೆ ಸುರಕ್ಷಿತ ಸ್ಥಳದಲ್ಲಿರಬೇಕು.

ಮೂರನೆಯದಾಗಿ, ಬ್ಯಾಕಪ್‌ನ ಪರೀಕ್ಷೆ. ತೆಗೆದ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ವ್ಯವಸ್ಥೆಯನ್ನು ಮತ್ತೆ ಎಬ್ಬಿಸಿ ನೋಡಬೇಕು. ಹಾಗೆ ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ನಾಲ್ಕನೆಯದಾಗಿ, ಆ ಪ್ರತಿಯ ಮೇಲೆಯೇ ಮೊದಲು ಮೇಲ್ದರ್ಜೆಯ ಪ್ರಯೋಗ. ಇಲ್ಲಿ ಅಡಚಣೆಗಳು ಹೊರಬೀಳುತ್ತವೆ. ಉದಾಹರಣೆಗೆ ಓಪನ್‌ಪ್ರಾಜೆಕ್ಟ್ 2019ರಲ್ಲಿ ಬಂದ ತನ್ನ 10ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಕೋಶವನ್ನು ಕೈಬಿಟ್ಟು ಪೋಸ್ಟ್‌ಗ್ರೆಸ್ ಒಂದನ್ನೇ ಉಳಿಸಿಕೊಂಡಿತು. ಮೊದಲನೆಯದನ್ನು ಬಳಸುತ್ತಿದ್ದವರು ಆವೃತ್ತಿ ಬದಲಿಸುವ ಮುನ್ನ ದತ್ತಾಂಶವನ್ನೇ ಸ್ಥಳಾಂತರಿಸಬೇಕಾಯಿತು. ಇಂತಹುದು ಪ್ರಯೋಗದ ದಿನ ತಿಳಿದರೆ ಕೆಲಸ, ನಿಜವಾದ ದಿನ ತಿಳಿದರೆ ಸಂಕಟ.

ಐದನೆಯದಾಗಿ, ತಾಳೆ ನೋಡುವುದು. ಮೊದಲು ಎಷ್ಟು ಕಾಮಗಾರಿಗಳಿದ್ದವು, ನಂತರ ಎಷ್ಟಿವೆ? ಒಟ್ಟು ಮೊತ್ತ ಹೊಂದುತ್ತದೆಯೇ? ಯಾದೃಚ್ಛಿಕವಾಗಿ ಹತ್ತು ಕಾಮಗಾರಿಗಳನ್ನು ತೆರೆದು ಲಗತ್ತುಗಳನ್ನು ನೋಡಬೇಕು. ಕನ್ನಡದ ಒತ್ತಕ್ಷರಗಳು, ಅರ್ಕಾವೊತ್ತು ಸರಿಯಾಗಿ ಮೂಡುತ್ತವೆಯೇ ಎಂದು ಪರೀಕ್ಷಿಸಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಯೂನಿಕೋಡ್ ಅಲ್ಲದ ರೂಪದಲ್ಲಿ ನಮೂದಿಸಿದ ವಿವರಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲು ಮೇಲ್ದರ್ಜೆಯ ಸಂದರ್ಭವೇ ಸೂಕ್ತ.

ಆರನೆಯದಾಗಿ, ಹಿಂದಿರುಗುವ ದಾರಿ. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳಲು ಎಷ್ಟು ಸಮಯ ಬೇಕು, ಆ ನಿರ್ಧಾರ ಯಾರದು ಎಂಬುದು ಮೊದಲೇ ಲಿಖಿತವಾಗಿರಬೇಕು.

8. ನಮ್ಮ ಕೈಯಲ್ಲಿರುವುದು ಮತ್ತು ಇಲ್ಲದಿರುವುದು

ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್ ಮುಂತಾದ ವ್ಯವಸ್ಥೆಗಳ ಸರ್ವರ್ ಹಾಗೂ ಆವೃತ್ತಿಗಳ ಹೊಣೆ ರಾಜ್ಯ ಮತ್ತು ಕೇಂದ್ರದ ಮಟ್ಟದಲ್ಲಿದೆ. ಅವುಗಳನ್ನು ಮೇಲ್ದರ್ಜೆಗೇರಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ, ಅಗತ್ಯವೂ ಇಲ್ಲ. ಆದರೆ ಅವುಗಳನ್ನು ತೆರೆಯುವ ಗಣಕಯಂತ್ರ ನಮ್ಮದು. ಆ ಯಂತ್ರದ ಕಾರ್ಯಾಚರಣಾ ವ್ಯವಸ್ಥೆ, ಬ್ರೌಸರ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಕೀ ನಮ್ಮ ವಶದಲ್ಲಿವೆ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೆಚ್ಚುವರಿ ಭದ್ರತಾ ತಿದ್ದುಪಡಿಗಳ ಪ್ರತ್ಯೇಕ ಯೋಜನೆಗೆ ಸೇರಿಸದ ವಿಂಡೋಸ್ 10 ಯಂತ್ರಗಳಿಗೆ ಹೊಸ ತಿದ್ದುಪಡಿ ಬರುವುದಿಲ್ಲ. ಸರ್ವರ್ ಎಷ್ಟೇ ಭದ್ರವಾಗಿದ್ದರೂ ಹಣ ಪಾವತಿಗೆ ಸಹಿ ಮಾಡುವ ಯಂತ್ರವೇ ಸೋಂಕಿತವಾಗಿದ್ದರೆ ಕೋಟೆಗೆ ಬಾಗಿಲಿಲ್ಲದಂತೆ. ಯಾವ ಯಂತ್ರ ಎಂದು ಕೊಂಡದ್ದು, ಅದರಲ್ಲಿ ಯಾವ ಆವೃತ್ತಿ ಇದೆ ಎಂಬ ಪಟ್ಟಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕು.

ಇದಕ್ಕೆ ಒಂದು ಸಾಧಾರಣ ವಹಿ ಸಾಕು. ಅದರಲ್ಲಿ ಏಳು ಅಂಕಣಗಳು: ಯಂತ್ರ ಅಥವಾ ತಂತ್ರಾಂಶದ ಹೆಸರು, ಆವೃತ್ತಿಯ ಸಂಖ್ಯೆ, ಎಲ್ಲಿಂದ ಪಡೆದದ್ದು, ಬೆಂಬಲದ ಕೊನೆಯ ದಿನ, ಕೊನೆಯ ಬಾರಿ ತಿದ್ದುಪಡಿ ಹಾಕಿದ ದಿನ, ಬ್ಯಾಕಪ್ ಪರೀಕ್ಷಿಸಿದ ದಿನ, ಹೊಣೆ ಹೊತ್ತವರ ಹುದ್ದೆ. ಹೆಸರಿಗಿಂತ ಹುದ್ದೆಯನ್ನು ಬರೆಯುವುದು ಮೇಲು, ಏಕೆಂದರೆ ವರ್ಗಾವಣೆಯಾದಾಗ ಹೆಸರು ಹೋಗುತ್ತದೆ, ಹುದ್ದೆ ಉಳಿಯುತ್ತದೆ.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಎತ್ತಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳುವುದು ಒಳಿತು.

(1) ನಮ್ಮ ಕಚೇರಿಯಲ್ಲಿ ಬಳಕೆಯಲ್ಲಿರುವ ಯಂತ್ರಗಳ ಮತ್ತು ತಂತ್ರಾಂಶಗಳ ಪಟ್ಟಿ ಇದೆಯೇ?
(2) ಅವುಗಳಲ್ಲಿ ಬೆಂಬಲದ ಅವಧಿ ಮುಗಿದವು ಯಾವುವು? ಮುಂದಿನ ಹನ್ನೆರಡು ತಿಂಗಳಲ್ಲಿ ಮುಗಿಯುವವು ಯಾವುವು?
(3) ಅವುಗಳ ಬದಲಾವಣೆಗೆ ಮುಂದಿನ ಆಯವ್ಯಯದಲ್ಲಿ ಹಣ ತೋರಿಸಲಾಗಿದೆಯೇ?
(4) ಬ್ಯಾಕಪ್‌ನಿಂದ ದಾಖಲೆಯನ್ನು ಮತ್ತೆ ಪಡೆದು ಪರೀಕ್ಷಿಸಿದ್ದು ಎಂದು?
(5) ನಿರ್ವಹಣೆಯ ಒಪ್ಪಂದವಿದ್ದರೆ ಅದರಲ್ಲಿ ಮೇಲ್ದರ್ಜೆಯ ಹೊಣೆ ಯಾರದೆಂದು ಬರೆದಿದೆಯೇ?
(6) ಸೈಬರ್ ಘಟನೆ ನಡೆದರೆ ಯಾರು ಯಾರಿಗೆ ತಿಳಿಸಬೇಕು?

ಈ ಪ್ರಶ್ನೆಗಳಿಗೆ "ಗೊತ್ತಿಲ್ಲ" ಎಂಬ ಉತ್ತರ ಬಂದರೆ ಸಿಬ್ಬಂದಿಯನ್ನು ದೂರುವುದಕ್ಕಿಂತ, ಮುಂದಿನ ಸಭೆಯೊಳಗೆ ಉತ್ತರ ಸಿದ್ಧವಾಗಬೇಕೆಂದು ತೀರ್ಮಾನಿಸುವುದು ಫಲಕಾರಿ. ಬಹುಪಾಲು ಕಚೇರಿಗಳಲ್ಲಿ ಈ ಕೆಲಸವನ್ನು ಯಾರೂ ಯಾರಿಗೂ ವಹಿಸಿರುವುದೇ ಇಲ್ಲ. ವಹಿಸದ ಕೆಲಸಕ್ಕೆ ಹೊಣೆಗಾರರನ್ನು ಹುಡುಕಿ ಪ್ರಯೋಜನವಿಲ್ಲ.

ಸಾರಾಂಶ

ತಂತ್ರಾಂಶ ಕೆಲಸ ಮಾಡುತ್ತಿದೆ ಎಂಬುದು ಅದು ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪ್ರತಿ ಆವೃತ್ತಿಗೂ ಒಂದು ಬೆಂಬಲದ ಅವಧಿ ಇದೆ. ಅದರ ಕೆಳಗಿನ ಪ್ರತಿ ಪದರಕ್ಕೂ ಬೇರೆ ಬೇರೆ ಅವಧಿಗಳಿವೆ. ಎಲ್ಲಕ್ಕಿಂತ ಮೊದಲು ಮುಗಿಯುವ ಅವಧಿಯನ್ನೇ ಇಡೀ ವ್ಯವಸ್ಥೆಯ ಅವಧಿಯೆಂದು ತಿಳಿಯಬೇಕು. ಮುಕ್ತ ತಂತ್ರಾಂಶವು ನಮಗೆ ಸ್ವಾತಂತ್ರ್ಯ ಕೊಡುತ್ತದೆ, ಆ ಸ್ವಾತಂತ್ರ್ಯದೊಂದಿಗೆ ನೋಡಿಕೊಳ್ಳುವ ಹೊಣೆಯನ್ನೂ ಕೊಡುತ್ತದೆ. ಐದು ವರ್ಷದ ಅವಧಿಯಲ್ಲಿ ಒಮ್ಮೆಯಾದರೂ ಮೇಲ್ದರ್ಜೆಯ ಕೆಲಸ ಬರುವುದು ಖಚಿತವಾದ್ದರಿಂದ ಅದಕ್ಕೆ ದಿನ, ಹಣ, ಹೊಣೆಗಾರರನ್ನು ಇಂದೇ ಗೊತ್ತುಮಾಡಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಡುವುದಕ್ಕಿಂತ, ಒಂದು ವಹಿ ತೆರೆದು ಏಳು ಅಂಕಣ ತುಂಬಿಸುವುದು ಬಹಳ ಅಗ್ಗದ ಕೆಲಸ.